ಎಡಗಡೆ ಸ್ಪೀಕರ್

ನೂರಡಿ ರಸ್ತೆಯ ನನ್ನ ಅಂಗಡಿ ಮುಂದೆ
ಬೂದು ಬಣ್ಣದ ಕಾರು ನಿಲ್ಲಿಸಿ ಚಿಕ್ಕಮರೀಗೌಡರು ಅಂದರು:
'ಎಡಗಡೇದು ಸತ್ತೋಗದೆ ಕಣಪ್ಪ ಇಮ್ತಿಯಾಜು.
ಕಂಪನಿ ಸೆಟ್ಟು, ಆಳಾದ್ದು, ಎಲ್ಲ ಕಿತ್ತಾಕು.
ವಸಿ ಜೋರಾಗಿರೋದು ಆಕು.'
ಎಡ ಸೀಟಿನಲ್ಲಿ ಪುಟ್ಟತಾಯಮ್ಮ
ಮಡಿಲಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು
ಏನೋ ಹೇಳುತ್ತಿದ್ದರು.
ಗೌಡರು ಇಳಿದು ಬಾಗಿಲು ಹಾಕಿದರು.

ಕೀಳುವುದೆಂದರೆ ಒಡೆಯುವುದಲ್ಲ.
ಡ್ಯಾಶಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ
ಹಲಸಿನ ತೊಳೆ ಬಿಡಿಸಿದ ಹಾಗೆ
ಒಂದೊಂದೇ ಕ್ಲಿಪ್ಪು ಬಿಡಿಸಬೇಕು.
ಅವಸರಪಟ್ಟರೆ ಹಲ್ಲು ಮುರಿದು
ಕಾರು ಗುಜರಿಗೆ ಹೋಗುವ ತನಕ ಕಿರಿಕಿರಿ.
ಸೆಟ್ಟು ಎಳೆದೆ. ಹಿಂದಿನ ಗೂಡಿನಲ್ಲಿ
ಧೂಳು, ಒಂದು ಟೋಲ್ ಚೀಟಿ,
ಒಣಗಿ ಹಗುರಾದ ಜೀರುಂಡೆ.

ಬಾಗಿಲಿನ ಹಲಗೆ ಬಿಚ್ಚಿ
ಎಡಗಡೆ ಸ್ಪೀಕರು ಕೈಗೆ ತೆಗೆದುಕೊಂಡೆ.
ಅಭ್ಯಾಸ ಬಿಡಲಿಲ್ಲ:
ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ತಂದು
ಎರಡು ತುದಿಗೆ ವೈರು ಮುಟ್ಟಿಸಿದೆ.
ಟಪ್.
ಕಾಗದದ ಎದೆ ಉಬ್ಬಿ ಇಳಿಯಿತು.
ಜೀವ ಇದೆ.
ಸುಹೇಲ ನನ್ನ ಮುಖ ನೋಡಿದ.
ನಾನು ಸೆಲ್ಲು ಜೇಬಿಗೆ ಹಾಕಿಕೊಂಡೆ.
ಹನ್ನೆರಡೂವರೆ ಸಾವಿರದ ಕೆಲಸ,
ಬಾಡಿಗೆಗೆ ಇನ್ನು ನಾಲ್ಕು ದಿನ.

ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಕಾರಿನ ಮೈಗೆ.
ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ,
ಹಸಿರು ನೇರಳೆ ಹಿಂದಕ್ಕೆ.
ವೈರಿನ ಬಣ್ಣ ಸುಳ್ಳು ಹೇಳೋದಿಲ್ಲ ಕಣೋ
ಅಂತ ಸುಹೇಲನಿಗೆ ಯಾವಾಗಲೂ ಹೇಳುತ್ತೇನೆ.
ಅವತ್ತು ಹೇಳಲಿಲ್ಲ.

ಹೊಸ ಸೆಟ್ಟು ನೀಲಿಯಾಗಿ ಹೊತ್ತಿಕೊಂಡಿತು.
ಗೌಡರು ಸ್ಟೇರಿಂಗಿಗೆ ಕೂತು ತಲೆ ಓರೆ ಮಾಡಿದರು.
'ಎಡಗಡೇದು ಇಲ್ವಲ್ಲೋ.'
ಬಲಗಡೆಯದೆಲ್ಲ ಬಂದ್ ಮಾಡಿ
ಸದ್ದು ಪೂರ್ತಿ ಎಡಕ್ಕೆ ತಳ್ಳಿದೆ.
ಪುಟ್ಟತಾಯಮ್ಮ ಚೀಲ ಬಿಟ್ಟು ಕಿವಿ ಮುಚ್ಚಿಕೊಂಡರು.
ಪಕ್ಕದ ಟೀ ಅಂಗಡಿಯಲ್ಲಿ ಲೋಟ ಕಿಣಿಗುಟ್ಟಿತು.
'ಸದ್ದೇನೋ ಬತ್ತದೆ.
ಈ ಕಡೆಯಿಂದ್ಲೇ ಬತ್ತದಲ್ಲಪ್ಪ' ಅಂದರು,
ಬಲಗಿಟಕಿಗೆ ಕೈ ಮಾಡಿ.

ಮೂರು ಸಲ ವೈರು ನೋಡಿದೆ. ಬಿಳಿ ಬಿಳಿಯೇ.
ಆಮೇಲೆ ಹಳೆಯ ಸ್ಪೀಕರು ಹಿಡಿದು
ಹಿಂದಿನ ಸೀಟಿಗೆ ಹತ್ತಿ
ಅವರ ಎಡಗಿವಿಯ ಹತ್ತಿರ ಸೆಲ್ಲು ಮುಟ್ಟಿಸಿದೆ.
ಟಪ್.
ಗೌಡರು ರಸ್ತೆ ನೋಡುತ್ತಿದ್ದರು.
ಬಲಗಿವಿಗೆ ತಂದು ಮುಟ್ಟಿಸಿದೆ.
'ಏನ್ಲಾ ಅದು?'

ಯಾರೂ ಮಾತಾಡಲಿಲ್ಲ.
ಸಕ್ಕರೆ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ,
ಅವರ ಎಡಕ್ಕೆ ಟರ್ಬೈನು.
ಅವರೇ ಲೆಕ್ಕ ಹಾಕಿದರು, ಬೆರಳು ಮಡಿಸುತ್ತಾ,
ಸಂಬಳದ ಲೆಕ್ಕ ಹಾಕುವ ಹಾಗೆ.
ಪುಟ್ಟತಾಯಮ್ಮ ಕೈ ಇಳಿಸಿ ಅಂದರು:
'ಕೊಬ್ಬು ಅಂದ್ಕಂಡಿದ್ದೆ ಕಣಪ್ಪ, ಕೊಬ್ಬು.
ಅಂಗಾರೆ ಈ ಸೀಟ್ನಲ್ಲಿ ಕೂತ್ಕಂಡು ನಾನು ಯೋಳಿದ್ದೆಲ್ಲ...'
ಅಲ್ಲಿಗೇ ನಿಲ್ಲಿಸಿ
ಸೊಪ್ಪಿನ ಕಟ್ಟು ಸರಿ ಮಾಡಿದರು.

'ಹಳೇದನ್ನೇ ಹಾಕಿಕೊಡ್ತೀನಿ' ಅಂದೆ.
ನಾಲಿಗೆ ಒಣಗಿತ್ತು.
'ಬುಡು, ಆಕಿದ್ದು ಇರ್ಲಿ.'
ನೋಟು ಎಣಿಸಿ ಕೊಟ್ಟರು.
ನಾಲ್ಕು ನೋಟು ತಿರುಗಿ ಕೊಟ್ಟೆ.
ಯಾಕೆ ಅಂತ ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಸುಹೇಲ ವೈರಿನ ಚೂರು ಗುಡಿಸುತ್ತಿದ್ದ,
ಆಗಲೇ ಗುಡಿಸಿದ ಜಾಗದಲ್ಲೇ.

ಹೊರಡುವಾಗ ಪುಟ್ಟತಾಯಮ್ಮ ಇಳಿದರು.
ಮುಂದಿನ ಬಾಗಿಲು ಹಾಕಿ,
ಕಾರಿಗೆ ಒಂದು ಸುತ್ತು ಬಂದು,
ಹಿಂದಿನ ಸೀಟಿನ ಬಲತುದಿಯಲ್ಲಿ
ಗಂಡನ ಬೆನ್ನಿಗೆ ಕೂತರು.
ನೋಡಿದವರಿಗೆ ಬಾಡಿಗೆ ಕಾರು:
ಮುಂದೆ ಡ್ರೈವರು, ಹಿಂದೆ ಅಮ್ಮಾವ್ರು,
ಎಡ ಸೀಟಿನಲ್ಲಿ ಸೊಪ್ಪು.
ಸೆಟ್ಟು ಆಫ್ ಆಗಿತ್ತು.
ಅವರು ಮುಂದಕ್ಕೆ ಬಾಗಿ ಏನೋ ಶುರು ಮಾಡಿದರು.
ಕಾರು ಹಂಪು ಹತ್ತಿಳಿಯಿತು.
ಗೌಡರ ತಲೆ ಆಡಿತು,
ಹಂಪಿಗೋ, ಮಾತಿಗೋ,
ಇಲ್ಲಿಂದ ಕಾಣಲಿಲ್ಲ.